ಒಂದೇ ಪುಟಕ್ಕೆ ಪಾಸ್‌ವರ್ಡ್ ಹಾಕೋದು ಹೇಗೆ?

ಮೂಡಿಗೆರೆಯವ: ನಮ್ಮ ಹೋಮ್‌ಸ್ಟೇ ವೆಬ್‌ಸೈಟಿನಲ್ಲಿ ಏಜೆಂಟರ ರೇಟಿನ ಪುಟಕ್ಕೆ ಜಾವಾಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡ್ ಹಾಕಿದ್ದೆ. ಮೊನ್ನೆ ಗೆಸ್ಟ್ ಒಬ್ಬರು ಕಾಫಿ ಕುಡಿಯುತ್ತಾ ಅದೇ ರೇಟು ಹೇಳಿ ಚೌಕಾಸಿಗೆ ಕೂತರು! ಏನು ಮಾಡಲಿ?

ಹಾಸನದ ಹುಡುಗ: ಆ ಬೀಗ ಸುಮ್ನೆ ತೋರಿಕೆಗೆ ಸಾರ್, ಪುಟದ ಸೋರ್ಸ್ (ಅದರ ಹಿಂದಿನ ಕೋಡ್) ತೆರೆದರೆ ರೇಟು, ಪಾಸ್‌ವರ್ಡ್ ಎರಡೂ ಅಲ್ಲೇ ಕಾಣುತ್ತೆ. ಪುಟವನ್ನು ಬೇರೆ ಫೋಲ್ಡರಿಗೆ ಹಾಕಿ. ಹೋಸ್ಟಿಂಗ್ ನೋಡಿಕೊಳ್ಳೋಕೆ ಸಿಪ್ಯಾನೆಲ್ ಅನ್ನೋ ತಂತ್ರಾಂಶ ಇದ್ದರೆ, ಅದರಲ್ಲಿ ಡೈರೆಕ್ಟರಿ ಪ್ರೈವಸಿಗೆ ಹೋಗಿ ಆ ಫೋಲ್ಡರಿಗೆ ಹೆಸರು, ಪಾಸ್‌ವರ್ಡ್ ಕೊಡಿ, ಆಮೇಲೆ ಪುಟ ಕಳಿಸೋ ಮೊದಲೇ ಪಾಸ್‌ವರ್ಡ್ ಕೇಳೋದು ಸರ್ವರ್ರೇ.

ಬೇಲೂರು ರಸ್ತೆ: ಸೈಟಿಗೆ ಎಚ್‌ಟಿಟಿಪಿಎಸ್ (ಹೋಗಿಬರೋ ಮಾಹಿತಿ ದಾರಿಯಲ್ಲಿ ಯಾರಿಗೂ ಓದೋಕೆ ಆಗದಂತೆ ಮಾಡೋದು) ಇದೆ ಅಲ್ವಾ? ಇಲ್ಲದಿದ್ದರೆ ಬೇಡ. ಪಾಸ್‌ವರ್ಡ್ ಬೇಸ್64 ಅನ್ನೋ, ಬರೀ ಅಕ್ಷರ ಬದಲಿಸಿ ಬರೆಯೋ ರೂಪದಲ್ಲಿ ಹೋಗುತ್ತೆ, ಅದನ್ನು ಬಿಡಿಸೋಕೆ ಕೀಲಿಯೇ ಬೇಡ.

ಮೂಡಿಗೆರೆಯವ: ಇದೆ. ಏಜೆಂಟರೇ ಬಾಯಿಬಿಟ್ಟರೆ?

ಹಾಸನದ ಹುಡುಗ: ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು ಕೊಡಿ. ಯಾರ ಹೆಸರಲ್ಲಿ ಜಾಸ್ತಿ ಜನ ಒಳಗೆ ಬಂದಿದ್ದಾರೆ ಅಂತ ಸರ್ವರಿನ ಲಾಗ್ (ಬಂದುಹೋದವರ ದಾಖಲೆ) ನೋಡಿದರೆ ಗೊತ್ತಾಗುತ್ತೆ.