ಅಮೆರಿಕದಿಂದ ತಂದ ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ಮನೆಯ ವೈಫೈಗೆ ಸೇರುತ್ತಿಲ್ಲ, ಕಾರಣವೇನಿರಬಹುದು?

ಪ್ರಶ್ನೆ: ಸರಸ್ವತಿಪುರಂ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ನಮ್ಮ ಅಣ್ಣ ಈ ಸಲ ಮೈಸೂರಿಗೆ ಬಂದಾಗ ಅಮ್ಮನಿಗೆಂದು ಒಂದು ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ತಂದುಕೊಟ್ಟು ಹೋಗಿದ್ದಾರೆ. ಅಮ್ಮನಿಗೆ ಮಂಡಿನೋವು ಹೆಚ್ಚಾಗಿದ್ದು, ಮಂಚದ ಕೆಳಗೆ, ಸೋಫಾದ ಕೆಳಗೆ ಬಗ್ಗಿ ಗುಡಿಸುವುದು ಈಗ ಅವರಿಂದ ಆಗುವುದಿಲ್ಲ. ಹಾಗೆಂದು ಕಸ ಕಂಡರೆ ಸುಮ್ಮನೆ ಕೂರುವುದೂ ಅವರಿಂದ ಆಗುವುದಿಲ್ಲ. ಆದ್ದರಿಂದ ಈ ಯಂತ್ರ ಸರಿಯಾಗಿ ಕೆಲಸ ಮಾಡುವುದು ನಮ್ಮ ಮನೆಗೆ ನಿಜವಾಗಿಯೂ ಮುಖ್ಯ.

ಅಣ್ಣ ಇಲ್ಲಿದ್ದಾಗ ಅದು ಯಾವ ತಕರಾರೂ ಇಲ್ಲದೆ ವೈಫೈಗೆ ಸೇರಿತ್ತು. ಅವರು ಹೊರಟ ಮೇಲೆ ಒಂದು ರಾತ್ರಿ ಮಳೆಗೆ ಕರೆಂಟು ಹೋಗಿ ಬಂತು. ಅಂದಿನಿಂದ ಯಂತ್ರ ಆಪ್‌ನಲ್ಲಿ ಕಾಣಿಸುತ್ತಿಲ್ಲ. ಮೇಲಿನ ಗುಂಡಿ ಒತ್ತಿದರೆ ಗುಡಿಸುತ್ತದೆ, ತಾನಾಗಿಯೇ ಚಾರ್ಜಿಂಗ್ ಡಾಕ್‌ಗೆ ಮರಳುತ್ತದೆ. ಆದರೆ ಹೊತ್ತು ಗೊತ್ತುಮಾಡುವುದಕ್ಕೂ, ದೇವರ ಮನೆಯ ಮುಂದಿನ ರಂಗೋಲಿಯ ಮೇಲೆ ಹರಿಯದಂತೆ ಗೆರೆ ಹಾಕುವುದಕ್ಕೂ ಆಪ್ ಬೇಕೇಬೇಕು. ವೈಫೈ ರೀಸೆಟ್ ಮಾಡಿ ಮತ್ತೆ ಸೇರಿಸಲು ಹೊರಟರೆ, ಮೊಬೈಲ್ ರೋಬೋಟನ್ನು ಗುರುತಿಸುತ್ತದೆ, ನಾನು ನೆಟ್‌ವರ್ಕ್ ಆರಿಸಿ ಪಾಸ್‌ವರ್ಡ್ ಕೊಡುತ್ತೇನೆ, ಅರ್ಧದವರೆಗೆ ಸಾಗಿ 'ನೆಟ್‌ವರ್ಕ್‌ಗೆ ಸೇರಲಾಗಲಿಲ್ಲ' ಎಂಬ ಸಂದೇಶ ಬರುತ್ತದೆ. ನಮ್ಮ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ವೈಫೈ ಬ್ಯಾಂಡ್‌ಗಳಿಗೆ ಬೇರೆ ಬೇರೆ ಹೆಸರುಗಳಿವೆ, ಇಂತಹ ಯಂತ್ರಗಳು ಹೆಚ್ಚಾಗಿ 2.4ಕ್ಕೇ ಸೇರುವುದರಿಂದ ನಾನು ಅದನ್ನೇ ಆರಿಸಿದ್ದೇನೆ. ಪಾಸ್‌ವರ್ಡ್ ಸರಿಯಾಗಿದೆ. ರೂಟರ್ ಮತ್ತು ರೋಬೋಟ್ ಎರಡೂ ಹಾಲ್‌ನಲ್ಲೇ ಇವೆ. ಇನ್ನೇನು ನೋಡಬೇಕು?

ಉತ್ತರ: ಉಣಕಲ್ ಕೆರೆ

ಮೊದಲಿಗೆ ವೈಫೈಗೆ ಸಂಬಂಧವಿಲ್ಲದ, ಆದರೆ ಅದಕ್ಕಿಂತ ಮುಖ್ಯವಾದ ಒಂದು ವಿಚಾರ. ಅಮೆರಿಕದ ಮನೆಗಳಲ್ಲಿರುವುದು 120 ವೋಲ್ಟ್, ನಮ್ಮಲ್ಲಿ 230 ವೋಲ್ಟ್. ಡಾಕ್‌ನ ಅಥವಾ ಅದರ ಅಡಾಪ್ಟರ್‌ನ ತಳದಲ್ಲಿರುವ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಪ್ಲಗ್ ಆಕಾರ ಬದಲಿಸುವ ಕನ್ವರ್ಟರ್ ಸಾಕು. 120 ಎಂದಷ್ಟೇ ಇದ್ದರೆ ದಯವಿಟ್ಟು ನೇರವಾಗಿ ಹಾಕಬೇಡಿ. ನಿಮ್ಮದು ಈಗಾಗಲೇ ಚಾರ್ಜ್ ಆಗುತ್ತಿರುವುದರಿಂದ ಸರಿಯಿರಬಹುದು, ಆದರೂ ಒಮ್ಮೆ ಓದಿ ನೋಡಿ.

ಇನ್ನು ನಿಮ್ಮ ಪ್ರಶ್ನೆ. ರೋಬೋಟ್‌ಗೆ ಪಾಸ್‌ವರ್ಡ್ ಬರೆಯಲು ಪರದೆಯೂ ಇಲ್ಲ, ಕೀಲಿಗಳೂ ಇಲ್ಲ. ಆದ್ದರಿಂದ ಅದು ಮೊದಲು ತಾನೇ ಒಂದು ಪುಟ್ಟ ಹಾಟ್‌ಸ್ಪಾಟ್ ತೆರೆಯುತ್ತದೆ. ಮೊಬೈಲ್ ಮನೆಯ ವೈಫೈಯನ್ನು ಬಿಟ್ಟು ಆ ಹಾಟ್‌ಸ್ಪಾಟ್‌ಗೆ ಸೇರಿ, ಮನೆಯ ನೆಟ್‌ವರ್ಕ್‌ನ ಹೆಸರು ಮತ್ತು ಪಾಸ್‌ವರ್ಡನ್ನು ಅದಕ್ಕೆ ತಲುಪಿಸುತ್ತದೆ. ಆಮೇಲೆ ರೋಬೋಟ್ ತನ್ನ ಹಾಟ್‌ಸ್ಪಾಟ್ ಮುಚ್ಚಿ ರೂಟರ್‌ಗೆ ಸೇರುತ್ತದೆ. ಕೊನೆಗೆ ಇಂಟರ್‌ನೆಟ್ ಮೂಲಕ ತಯಾರಕರ ಸರ್ವರ್‌ಗೆ ಹೋಗಿ ನಿಮ್ಮ ಖಾತೆಗೆ ನೋಂದಣಿಯಾಗುತ್ತದೆ. ಹೊಸ ಮಾದರಿಗಳಲ್ಲಿ ಮೊದಲ ಹಂತವನ್ನು ಬ್ಲೂಟೂತ್ ಮಾಡುತ್ತದೆ, ಉಳಿದದ್ದು ಹಾಗೆಯೇ. ಯಾವ ಹಂತದಲ್ಲಿ ನಿಂತಿದೆ ಎಂದು ತಿಳಿಯದೆ ಎಲ್ಲ ಸೆಟ್ಟಿಂಗ್‌ಗಳನ್ನೂ ಒಟ್ಟಿಗೆ ಬದಲಿಸುತ್ತಾ ಹೋದರೆ, ಕೊನೆಗೆ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಎರಡನೆಯ ಹಂತದಲ್ಲಿ ಹೆಚ್ಚಾಗಿ ಅಡ್ಡ ಬರುವುದು ಮೊಬೈಲೇ. ರೋಬೋಟ್‌ನ ಹಾಟ್‌ಸ್ಪಾಟ್‌ನಲ್ಲಿ ಇಂಟರ್‌ನೆಟ್ ಇರುವುದಿಲ್ಲವಾದ್ದರಿಂದ ಮೊಬೈಲ್ ಅದನ್ನು ಕೆಟ್ಟ ಸಂಪರ್ಕವೆಂದು ತಿಳಿದು ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹೊರಳಿಕೊಳ್ಳುತ್ತದೆ. ಸೇರಿಸುವಷ್ಟು ಹೊತ್ತು ಮೊಬೈಲ್ ಡೇಟಾ ಮತ್ತು ವಿಪಿಎನ್ ಎರಡನ್ನೂ ನಿಲ್ಲಿಸಿ. ಆಂಡ್ರಾಯ್ಡ್‌ನಲ್ಲಿ ಆಪ್‌ಗೆ ಲೊಕೇಶನ್ ಅನುಮತಿ ಕೊಡದಿದ್ದರೆ ಸುತ್ತಲಿನ ವೈಫೈಗಳ ಪಟ್ಟಿ ಆಪ್‌ಗೆ ಸಿಗದಿರಬಹುದು. ಐಫೋನ್‌ನಲ್ಲಿ, 2020ರಲ್ಲಿ ಬಂದ ಐಒಎಸ್ 14ರಿಂದ ಈಚೆಗೆ, 'ಲೋಕಲ್ ನೆಟ್‌ವರ್ಕ್' ಎಂಬ ಅನುಮತಿಯೂ ಬೇಕು. ಅದು ಮೊದಲ ಸಲ ಕೇಳಿದಾಗ ಬೇಡವೆಂದು ಒತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿಯೇ ಮತ್ತೆ ಕೊಡಬೇಕು.

ಇವೆಲ್ಲ ಸರಿಯಿದ್ದರೆ ಒಂದು ಪರೀಕ್ಷೆ ಮಾಡಿ. ಮನೆಯಲ್ಲಿರುವ ಇನ್ನೊಂದು ಮೊಬೈಲ್‌ನಲ್ಲಿ ಹಾಟ್‌ಸ್ಪಾಟ್ ತೆರೆದು, ಅದನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟು (ಹೊಸ ಐಫೋನ್‌ಗಳಲ್ಲಿ ಇದಕ್ಕೆ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಎಂಬ ಆಯ್ಕೆಯಿದೆ), ರೋಬೋಟನ್ನು ಅದಕ್ಕೆ ಸೇರಿಸಿ ನೋಡಿ. ಸೇರಿದರೆ ಯಂತ್ರ, ಆಪ್, ಖಾತೆ ಎಲ್ಲವೂ ಸರಿಯಿವೆ, ತೊಂದರೆ ಇರುವುದು ರೂಟರ್‌ನಲ್ಲಿ ಎಂದು ನಿಶ್ಚಯವಾಗುತ್ತದೆ.

ಉತ್ತರ: ತುಂಗಾತೀರ

ನೆಟ್‌ವರ್ಕ್‌ನ ಹೆಸರನ್ನೂ ಗಮನಿಸಿ. ನಾನು ನಮ್ಮ ಮನೆಯ ವೈಫೈಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟಿದ್ದೇನೆ, ಅದು ನನಗೆ ಸಂತೋಷ ಕೊಡುವ ಸಂಗತಿ. ಆದರೆ ಅದಕ್ಕೊಂದು ಮಿತಿಯಿದೆ. ವೈಫೈ ಹೆಸರು 32 ಬೈಟ್‌ಗಳನ್ನು ಮೀರುವಂತಿಲ್ಲ, ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು, ಒತ್ತಕ್ಷರಕ್ಕೆ ಮೂರು ಸಂಕೇತಗಳು. 'ಶ್ರೀನಿವಾಸ ನಿಲಯ' ಎಂಬ ಹೆಸರೇ 40 ಬೈಟ್ ಆಗುತ್ತದೆ, ಹಿಡಿಯುವುದಿಲ್ಲ. ಮಿತಿಯೊಳಗಿದ್ದ ಹೆಸರನ್ನು ಮೊಬೈಲ್‌ಗಳೆಲ್ಲ ಓದಿದರೂ ಇಂತಹ ಪುಟ್ಟ ಯಂತ್ರಗಳು ಕೆಲವೊಮ್ಮೆ ತಡವರಿಸುತ್ತವೆ. ಹಾಗಾಗಿ ರೋಬೋಟ್‌ಗೆಂದು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸರಳ ಹೆಸರಿನ ಎರಡನೆಯ ನೆಟ್‌ವರ್ಕ್ ಇಟ್ಟಿದ್ದೇನೆ.

ಸರಸ್ವತಿಪುರಂ

ಇಬ್ಬರಿಗೂ ಧನ್ಯವಾದಗಳು. ಚೀಟಿಯಲ್ಲಿ 100ರಿಂದ 240 ಎಂದೇ ಇದೆ. ನಮ್ಮ ನೆಟ್‌ವರ್ಕ್‌ನ ಹೆಸರು ಇಂಗ್ಲಿಷ್‌ನಲ್ಲಿದೆ, ಚಿಕ್ಕದೂ ಹೌದು. ನನ್ನ ಹೆಂಡತಿಯ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ರೋಬೋಟ್ ತಕ್ಷಣ ಸೇರಿತು, ಆಪ್‌ನಲ್ಲಿ ಕಾಣಿಸಿಕೊಂಡಿತು. ಮನೆಯ ವೈಫೈಗೆ ಮಾತ್ರ ಇನ್ನೂ ಸೇರುತ್ತಿಲ್ಲ. ನನಗೆ ಅರ್ಥವಾಗದ ಸಂಗತಿಯೆಂದರೆ, ಆಪ್‌ನಲ್ಲಿ ನಮ್ಮ ನೆಟ್‌ವರ್ಕ್‌ನ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ಕಾಣುವ ನೆಟ್‌ವರ್ಕ್‌ಗೆ ಸೇರಲು ಏನು ಅಡ್ಡಿ?

ಉತ್ತರ: ಬಸವನಗುಡಿ

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಸುಳಿವಿದೆ. ಅನೇಕ ಆಪ್‌ಗಳಲ್ಲಿ ತೋರುವ ನೆಟ್‌ವರ್ಕ್‌ಗಳ ಪಟ್ಟಿ ಮೊಬೈಲ್‌ಗೆ ಕೇಳಿಸಿದ ಪಟ್ಟಿ, ರೋಬೋಟ್‌ಗೆ ಕೇಳಿಸಿದ್ದಲ್ಲ. ಹೆಸರು ಆಪ್‌ನಲ್ಲಿದೆ ಎಂದ ಮಾತ್ರಕ್ಕೆ ಅದು ರೋಬೋಟ್‌ಗೂ ಕೇಳಿಸುತ್ತಿದೆ ಎಂದು ಹೇಳಲಾಗದು. ಮೊದಲು ಸೇರಿತ್ತು, ಕರೆಂಟು ಹೋಗಿ ಬಂದ ಮೇಲೆ ಬಿಟ್ಟಿತು, ಹಾಟ್‌ಸ್ಪಾಟ್‌ಗೆ ಈಗಲೂ ಸೇರುತ್ತದೆ, ಯಂತ್ರ ಅಮೆರಿಕದ್ದು: ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅನುಮಾನ ರೂಟರ್‌ನ ಚಾನೆಲ್ ಮೇಲೆ.

2.4 ಗಿಗಾಹರ್ಟ್ಸ್ ಬ್ಯಾಂಡ್ ಎಂಬುದು ಒಂದೇ ತರಂಗವಲ್ಲ, 5 ಮೆಗಾಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಂತ ಚಾನೆಲ್‌ಗಳ ಗುಂಪು. ಚಾನೆಲ್ 1ರ ನಡುಬಿಂದು 2412 ಮೆಗಾಹರ್ಟ್ಸ್, 6ರದ್ದು 2437, 11ರದ್ದು 2462, 13ರದ್ದು 2472. ಭಾರತದಲ್ಲಿ 1ರಿಂದ 13ರವರೆಗೆ ಬಳಸಲು ಅವಕಾಶವಿದೆ. ಅಮೆರಿಕದಲ್ಲಿ ರೂಢಿಯಲ್ಲಿರುವುದು 1ರಿಂದ 11ರವರೆಗೆ ಮಾತ್ರ. ಆ ಮಾರುಕಟ್ಟೆಗೆಂದು ತಯಾರಾದ ಉಪಕರಣಗಳು ಸಾಮಾನ್ಯವಾಗಿ 12 ಮತ್ತು 13ರ ಕಡೆಗೆ ಕಿವಿಯನ್ನೇ ಕೊಡುವುದಿಲ್ಲ. ಇತ್ತ ರೂಟರ್‌ಗಳಲ್ಲಿ ಚಾನೆಲ್ 'ಆಟೋ' ಎಂದಿರುವುದೇ ಹೆಚ್ಚು. ಅವು ಪ್ರತಿ ಸಲ ಆನ್ ಆದಾಗ ಅಕ್ಕಪಕ್ಕದ ಮನೆಗಳ ವೈಫೈಗಳನ್ನು ಆಲಿಸಿ, ಗದ್ದಲ ಕಡಿಮೆಯಿರುವ ಜಾಗಕ್ಕೆ ಹೋಗಿ ಕೂರುತ್ತವೆ. ಆ ಮಳೆಯ ರಾತ್ರಿ ನಿಮ್ಮ ರೂಟರ್ 12 ಅಥವಾ 13ಕ್ಕೆ ಹೋಗಿರಬಹುದು. ಇಲ್ಲಿ ಕೊಂಡ ಮೊಬೈಲ್‌ಗಳಿಗೆ ಅದು ಚೆನ್ನಾಗಿಯೇ ಕಾಣುತ್ತದೆ, ಟಿವಿಗೂ ಕಾಣುತ್ತದೆ. ಆದ್ದರಿಂದ ರೂಟರ್ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ನೋಡುವ ವಿಧಾನ ಹೀಗಿದೆ. ರೂಟರ್‌ನ ತಳದ ಚೀಟಿಯಲ್ಲಿ 192.168ರಿಂದ ಆರಂಭವಾಗುವ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಇರುತ್ತವೆ. ಮನೆಯ ವೈಫೈಯಲ್ಲಿರುವಾಗ ಬ್ರೌಸರ್‌ನಲ್ಲಿ ಆ ವಿಳಾಸ ತೆರೆದು, ವೈರ್‌ಲೆಸ್ ಎಂಬ ಭಾಗದಲ್ಲಿ 2.4 ಗಿಗಾಹರ್ಟ್ಸ್‌ನ ಪುಟಕ್ಕೆ ಹೋಗಿ ಈಗಿನ ಚಾನೆಲ್ ಯಾವುದೆಂದು ನೋಡಿ. ಆಟೋ ತೆಗೆದು 1, 6 ಅಥವಾ 11 ಇವುಗಳಲ್ಲಿ ಒಂದನ್ನು ಕೊಡಿ. ಈ ಮೂರನ್ನೇ ಹೇಳಲು ಕಾರಣವಿದೆ: ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರವಿದ್ದರೂ ಒಂದು ವೈಫೈ ಸಂಕೇತ ಸುಮಾರು 20 ಮೆಗಾಹರ್ಟ್ಸ್ ಅಗಲದ ಜಾಗ ಹಿಡಿಯುತ್ತದೆ, ಹೀಗಾಗಿ ಒಂದರ ಮೇಲೊಂದು ಹರಡಿಕೊಳ್ಳದೆ ಇರುವುದು ಈ ಮೂರೇ. ಅದೇ ಪುಟದಲ್ಲಿ ಚಾನೆಲ್ ಅಗಲವನ್ನೂ 20 ಮೆಗಾಹರ್ಟ್ಸ್‌ಗೆ ಇಡಿ. ಮೂರರಲ್ಲಿ ಯಾವುದು ಎಂಬುದಕ್ಕೆ, ಮೊಬೈಲ್‌ನಲ್ಲಿ ವೈಫೈ ಅನಲೈಸರ್ ಎಂಬ ಬಗೆಯ ಯಾವುದಾದರೂ ಆಪ್ ಹಾಕಿಕೊಂಡು ನೆರೆಮನೆಗಳು ಎಲ್ಲಿ ಕಡಿಮೆ ಇವೆ ಎಂದು ನೋಡಿ. ನಿಮ್ಮ ಅಣ್ಣ ಅಮೆರಿಕದ ಲ್ಯಾಪ್‌ಟಾಪ್ ಏನಾದರೂ ಇಲ್ಲಿ ಬಿಟ್ಟು ಹೋಗಿದ್ದರೆ, ಚಾನೆಲ್ ಬದಲಿಸುವ ಮೊದಲು ಅದಕ್ಕೆ ನಿಮ್ಮ ವೈಫೈ ಕಾಣುತ್ತದೆಯೇ ಎಂದೂ ನೋಡಬಹುದು.

ಚಾನೆಲ್ 11ರೊಳಗೇ ಇದ್ದರೆ ಮುಂದೆ ನೋಡಬೇಕಾದದ್ದು ಭದ್ರತೆಯ ಬಗೆ, ಅಂದರೆ ರೂಟರ್ ವೈಫೈಯನ್ನು ಪಾಸ್‌ವರ್ಡ್‌ನಿಂದ ಕಾಯುವ ವಿಧಾನ. ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ಅನೇಕ ರೋಬೋಟ್‌ಗಳಿಗೆ ಇಂದಿಗೂ ಗೊತ್ತಿರುವುದು 2004ರ ಡಬ್ಲ್ಯೂಪಿಎ2 ಮಾತ್ರ, ಆದ್ದರಿಂದ ರೂಟರ್‌ನಲ್ಲಿ ಡಬ್ಲ್ಯೂಪಿಎ3 ಒಂದೇ ಇದ್ದರೆ ಅವು ಸೇರಲಾರವು.

ಸರಸ್ವತಿಪುರಂ

ಚಾನೆಲ್ 13 ಎಂದೇ ಇತ್ತು. 6ಕ್ಕೆ ಬದಲಿಸಿ ಸೇವ್ ಮಾಡಿದೆ, ರೂಟರ್ ಒಮ್ಮೆ ಆಫ್ ಆಗಿ ಆನ್ ಆಯಿತು, ರೋಬೋಟ್ ಮೊದಲ ಯತ್ನದಲ್ಲೇ ಸೇರಿತು. ಭದ್ರತೆಯ ಸೆಟ್ಟಿಂಗನ್ನು ಮುಟ್ಟಬೇಕಾಗಿ ಬರಲಿಲ್ಲ. ಅಮ್ಮನ ಪರವಾಗಿಯೂ ತಮಗೆ ಹೃತ್ಪೂರ್ವಕ ಧನ್ಯವಾದಗಳು. ಅಣ್ಣನಿಗೂ ಈ ವಿಷಯ ಬರೆದು ತಿಳಿಸಿದ್ದೇನೆ, ಅವರು ಅಲ್ಲಿಂದ ಇನ್ನೊಬ್ಬ ಸಂಬಂಧಿಕರಿಗೂ ಇಂತಹದ್ದೇ ಯಂತ್ರ ಕಳುಹಿಸಿದ್ದಾರಂತೆ.

ಇನ್ನೊಂದು ಪ್ರಶ್ನೆ. ಈ ಯಂತ್ರ ಮನೆಯ ಒಳಗಿನ ನಕ್ಷೆ ಬರೆದು ಸರ್ವರ್‌ಗೆ ಕಳುಹಿಸುತ್ತದೆ ಎಂಬುದು ಮನಸ್ಸಿಗೆ ಸ್ವಲ್ಪ ಅಳುಕು ತರುತ್ತದೆ. ಅದನ್ನು ಗೆಸ್ಟ್ ನೆಟ್‌ವರ್ಕ್‌ಗೆ, ಅಂದರೆ ಅತಿಥಿಗಳಿಗೆಂದು ರೂಟರ್ ಕೊಡುವ ಪ್ರತ್ಯೇಕ ವೈಫೈಗೆ, ಹಾಕುವುದು ಒಳ್ಳೆಯದೇ?

ಉತ್ತರ: ತುಂಗಾತೀರ

ಹಾಕಬೇಕೆಂದೇ ನನ್ನ ಅಭಿಪ್ರಾಯ, ಆದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿದು ಹಾಕಬೇಕು. ಗೆಸ್ಟ್ ನೆಟ್‌ವರ್ಕ್‌ನಲ್ಲಿರುವ ಯಂತ್ರಕ್ಕೆ ನಿಮ್ಮ ಕಂಪ್ಯೂಟರ್, ಹಾರ್ಡ್ ಡಿಸ್ಕ್, ಸಿಸಿಟಿವಿ ಇವುಗಳ ಹತ್ತಿರ ಸುಳಿಯಲು ಆಗುವುದಿಲ್ಲ. ಯಂತ್ರದ ಸಾಫ್ಟ್‌ವೇರ್‌ನಲ್ಲಿ ಮುಂದೆಂದಾದರೂ ದೋಷ ಕಂಡರೂ ಅದರ ಹಾನಿ ಅಲ್ಲಿಗೇ ನಿಲ್ಲುತ್ತದೆ. ಆದರೆ ನಕ್ಷೆ ತಯಾರಕರ ಸರ್ವರ್‌ಗೆ ಹೋಗುವುದನ್ನು ಅದು ತಡೆಯುವುದಿಲ್ಲ. ಅದಕ್ಕೆ ಆಪ್‌ನ ಪ್ರೈವೆಸಿ ವಿಭಾಗದಲ್ಲಿ ಬಳಕೆಯ ಮಾಹಿತಿ ಹಂಚಿಕೊಳ್ಳುವ ಆಯ್ಕೆಗಳನ್ನು ಒಂದೊಂದಾಗಿ ಓದಿ ಬೇಡದ್ದನ್ನು ನಿಲ್ಲಿಸಬೇಕು, ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಬೇಕು. ಕ್ಯಾಮೆರಾ ಇರುವ ಮಾದರಿಯಾದರೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಲಗುವ ಕೋಣೆಯನ್ನು ನಿಷೇಧಿತ ಜಾಗವೆಂದೇ ಗುರುತಿಸುತ್ತೇನೆ.

ಉತ್ತರ: ಬಸವನಗುಡಿ

ತುಂಗಾತೀರ ಅವರ ಮಾತನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಗೆಸ್ಟ್ ನೆಟ್‌ವರ್ಕ್‌ನಲ್ಲಿ ಒಂದು ಉಪಕರಣ ಇನ್ನೊಂದನ್ನು ನೋಡದಂತೆ ತಡೆಯಿರುವುದರಿಂದ, ಮೊಬೈಲ್ ಮತ್ತು ರೋಬೋಟ್ ನೇರವಾಗಿ ಮಾತನಾಡಲೇಬೇಕಾದ ಆಪ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಸರ್ವರ್ ಮೂಲಕ ನಡೆಯುವ ಆಪ್‌ಗಳಿಗೆ ತೊಂದರೆಯಿಲ್ಲ, ಸೇರಿಸುವ ಹೊತ್ತಿಗೆ ಮೊಬೈಲನ್ನೂ ಅದೇ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಇಟ್ಟುಕೊಂಡರೆ ಸಾಕು. ಗೆಸ್ಟ್ ನೆಟ್‌ವರ್ಕ್‌ಗೆ ಡಬ್ಲ್ಯೂಪಿಎ2 ಮತ್ತು ಎಇಎಸ್ (ಮಾಹಿತಿಯನ್ನು ಗುಪ್ತವಾಗಿಸುವ ವಿಧಾನ) ಆರಿಸಿ. ರೋಬೋಟ್ ಸುಲಭವಾಗಿ ಸೇರಲಿ ಎಂದು ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕ್ ಮಾಡುವಂತೆ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ.

ನಿಮ್ಮ ಸಂಬಂಧಿಕರಿಗೆ ಇನ್ನೊಂದು ವಿಷಯ ತಿಳಿಸಿ. ಕೆಲವು ತಯಾರಕರು ದೇಶ ಅಥವಾ ವಲಯಕ್ಕೆ ಒಂದೊಂದು ಸರ್ವರ್ ಇಟ್ಟಿರುತ್ತಾರೆ, ಒಂದು ವಲಯಕ್ಕೆಂದು ಮಾರಿದ ಯಂತ್ರ ಬೇರೆ ವಲಯದ ಖಾತೆಗೆ ಸೇರುವುದಿಲ್ಲ. ರೂಟರ್‌ಗೆ ಸೇರಿದ ಮೇಲೆ ಕೊನೆಯ ಹಂತದಲ್ಲಿ ನಿಂತರೆ, ಖಾತೆ ತೆರೆಯುವಾಗ ಆರಿಸಿದ ದೇಶ ಯಾವುದೆಂದು ಮೊದಲು ನೋಡಬೇಕು.

ಉತ್ತರ: ಉಣಕಲ್ ಕೆರೆ

ಚಾನೆಲ್ 13ರ ಸಾಧ್ಯತೆ ನನಗೆ ಹೊಳೆದಿರಲಿಲ್ಲ, ಬಸವನಗುಡಿಯವರಿಗೆ ನನ್ನ ಧನ್ಯವಾದವೂ ಸಲ್ಲಬೇಕು. ಸರಸ್ವತಿಪುರಂ ಅವರೇ, ಈಗ ಕೊಟ್ಟ ಚಾನೆಲ್ ರೂಟರ್‌ನಲ್ಲಿ ಉಳಿದಿರುತ್ತದೆಯಾದ್ದರಿಂದ ಕರೆಂಟು ಹೋಗಿ ಬಂದರೂ ಬದಲಾಗುವುದಿಲ್ಲ. ಆದರೆ ಇಂಟರ್‌ನೆಟ್ ಕಂಪನಿಯವರು ಬಂದು ರೂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಅಥವಾ ಹೊಸದನ್ನು ಕೊಟ್ಟರೆ ಅದು ಮತ್ತೆ ಆಟೋಗೆ ಮರಳುತ್ತದೆ. ಆಗ ಹೊಸ ರೂಟರ್‌ನಲ್ಲಿ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಅದೇ ಭದ್ರತೆಯ ಬಗೆ, ಚಾನೆಲ್ 6, ಇಷ್ಟನ್ನು ಹಾಗೆಯೇ ಕೊಟ್ಟರೆ ರೋಬೋಟ್ ತಾನಾಗಿಯೇ ಸೇರಿಕೊಳ್ಳುತ್ತದೆ. ಅದನ್ನು ರೀಸೆಟ್ ಮಾಡುವ ಅಗತ್ಯವೂ ಬೀಳುವುದಿಲ್ಲ, ದೇವರ ಮನೆಯ ಮುಂದೆ ಹಾಕಿದ ಗೆರೆಯೂ ಅಳಿಯುವುದಿಲ್ಲ. ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ರೂಟರ್‌ಗೆ ಅಂಟಿಸಿಡಿ. ಪಾಸ್‌ವರ್ಡ್ ಬರೆದ ಮೇಲೆ ಆ ಚೀಟಿ ಬಂದುಹೋಗುವವರ ಕಣ್ಣಿಗೆ ಬೀಳದಂತೆ ರೂಟರ್‌ನ ಹಿಂಬದಿಯಲ್ಲೇ ಇರಲಿ.