ಇಕೋ ಮೋಡ್ ಹಾಕಿದ್ರೂ ಮೈಲೇಜ್ ಬರವಲ್ದು, ಎಸಿನೂ ತಣ್ಣಗಾಗವಲ್ದು

ಕೊಪ್ಪಳ_ಕಾರ್: ಇಕೋ ಬಟನ್ ಒತ್ರಿ ಪೆಟ್ರೋಲ್ ಉಳೀತೈತಿ ಅಂದಿದ್ರು, ಒತ್ತೇ ಇಟ್ಟೀನಿ, ಉಳಿಯೋದು ಹೋಗ್ಲಿ ಬಳ್ಳಾರಿಗೆ ಹೋಗಿಬರೋದ್ರಾಗ ಮೊದಲಿಗಿಂತ ಕಮ್ಮಿ ಬರಾಕತ್ತೈತಿ, ಮ್ಯಾಲ ಮಧ್ಯಾಹ್ನ ಎಸಿ ತಣ್ಣಗಾಗವಲ್ದು, ಲಾರಿ ಓವರ್‌ಟೇಕ್ ಮಾಡ್ಬೇಕಂದ್ರ ಗಾಡಿ ಏಳವಲ್ದು. ಸೆನ್ಸರ್ ಹೋಗೈತೇನು? ಹೇಳ್ರಪಾ, ತಲಿ ಕೆಟ್ಟೈತಿ.

ರಾಯಚೂರು_ರೈಡರ್: ಟೈರ್ ಗಾಳಿ ನೋಡ್ರಿ ಮೊದ್ಲು. ಡ್ರೈವರ್ ಬಾಗಿಲ ತೆಗೆದ್ರ ಸ್ಟಿಕರ್ ಅದ, ಅದ್ರಾಗಿದ್ದಷ್ಟು ಹಾಕ್ರಿ, ಮುಂಜಾನೆ ಟೈರ್ ತಣ್ಣಗಿದ್ದಾಗ.

ಕೊಪ್ಪಳ_ಕಾರ್: ಗಾಳಿ ಸರಿ ಐತ್ರಿ.

ರಾಯಚೂರು_ರೈಡರ್: ಬಂಕಿನ ಮೀಟರ್ ನಂಬಬ್ಯಾಡ್ರಿ, ಸ್ವಂತ ಗೇಜ್ ತಗೊಳ್ರಿ. ಗಾಳಿದೇ ಅದ ಇದು.

ಬಳ್ಳಾರಿ_ಡೀಸೆಲ್: ಗಾಳಿ ಅಲ್ಲಪ್ಪ, ಇ20 ಪೆಟ್ರೋಲ್, ಅಂದ್ರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರ್ಸಿದ್ದು. ಎಥೆನಾಲ್‌ನಾಗೆ ಲೀಟರ್‌ಗೆ ಮೂರನೇ ಒಂದು ಭಾಗ ಶಕ್ತಿ ಕಮ್ಮಿ ಇರ್ತೈತೆ, ಮೈಲೇಜ್ ಎಲ್ಲಿಂದ ಬರ್ಬೇಕು? ಇಳಿಜಾರ್‌ನಾಗೆ ನ್ಯೂಟ್ರಲ್ ಮಾಡ್ಕಂಡು ಬಿಡ್ರಿ, ಉಳಿತೈತೆ.

ಗಂಗಾವತಿ_ಗ್ಯಾರೇಜ್: ನ್ಯೂಟ್ರಲ್ ಮಾತ್ರ ಮಾಡಬ್ಯಾಡ್ರಿ! ಗೇರಿನಾಗ ಇದ್ದು ಕಾಲು ತೆಗೆದ್ರ ಇಂಜೆಕ್ಟರ್ ಪೆಟ್ರೋಲ್ ಬಿಡೋದ ಬಂದ್ ಮಾಡ್ತೈತಿ, ನ್ಯೂಟ್ರಲ್‌ನಾಗ ಇಂಜಿನ್ ಆರಬಾರದಂತ ಕುಡಿತಾನ ಇರ್ತೈತಿ, ಇಂಜಿನ್ ತಾನಾಗೇ ಗಾಡಿ ಹಿಡಿದು ನಿಧಾನ ಮಾಡೋ ಇಂಜಿನ್ ಬ್ರೇಕಿಂಗೂ ಸಿಗಂಗಿಲ್ಲ. ಮತ್ತ ಪೋಸ್ಟ್ ಹಾಕಿದೋರು ಆಟೋಮ್ಯಾಟಿಕ್ಕೋ ಮ್ಯಾನುವಲ್ಲೋ ಹೇಳೇ ಇಲ್ಲ, ಎಷ್ಟು ಸ್ಪೀಡ್ ಅಂತಾನೂ ಇಲ್ಲ.

ಬಳ್ಳಾರಿ_ಡೀಸೆಲ್: ನಮ್ಮಪ್ಪ ಲಾರಿ ಓಡ್ಸಾಗ್ಲಿಂದ ನ್ಯೂಟ್ರಲ್ಲೇ.

ಗಂಗಾವತಿ_ಗ್ಯಾರೇಜ್: ಅವು ಹಳೆ ಪಂಪಿನ ಗಾಡಿ ಅಣ್ಣ, ಅಲ್ಲೂ ಬ್ರೇಕ್ ಕಾಯ್ತಾವು. ಇದು ಇಸಿಯು ಗಾಡಿ, ಇಂಜಿನ್ನಿಗೆ ಕಂಪ್ಯೂಟರ್ ಐತಿ.

ಕೊಪ್ಪಳ_ಕಾರ್: ಆಟೋಮ್ಯಾಟಿಕ್ ರೀ. ಹೊಸಪೇಟೆ ದಾಟಿದ್ರ 100ರ ಮ್ಯಾಲ.

ಗಂಗಾವತಿ_ಗ್ಯಾರೇಜ್: ಹಂಗಾದ್ರ ಸೆನ್ಸರ್ ಅಲ್ಲ ಬಿಡ್ರಿ. ಇಕೋದಾಗ ನೀವು ಅರ್ಧ ತುಳಿದ್ರ ಥ್ರಾಟಲ್, ಅಂದ್ರ ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲ, ಅಷ್ಟು ತೆರಿಯಂಗಿಲ್ಲ, ಗೇರ್ ಲಗೂನ ಮ್ಯಾಲಕ್ಕ ಹೋಗ್ತೈತಿ, ಭಾಳ ಗಾಡ್ಯಾಗ ಎಸಿ ಕಂಪ್ರೆಸರ್‌ನೂ ಹಗುರ ಓಡಿಸ್ತಾವು, ಅದಕ್ಕ ತಣ್ಣಗ ಆಗವಲ್ದು. ಏಳವಲ್ದಂತ ಪೂರಾ ಒತ್ತಿದ್ರ ಗೇರ್ ಕೆಳಗಿಳಿದು ಆರ್‌ಪಿಎಂ ಏರಿ ಉಳಿಸಿದ್ದೆಲ್ಲ ಹೋಗ್ತೈತಿ. ಊರಾಗ ಸಿಗ್ನಲ್‌ಗೆ ನಿಂತು ನಿಂತು ಹೋಗೋವಾಗ ಇಕೋ ಉಪಯೋಗ, ಹೈವೇದಾಗ ಒಂದೇ ಸ್ಪೀಡಿಗೆ ಹೊಂಟಾಗ ದೊಡ್ಡ ಫರಕ್ ಇಲ್ಲ, ಅಲ್ಲಿ ಪೆಟ್ರೋಲ್ ತಿನ್ನೋದು ಎದುರುಗಾಳಿ. 80 ಇದ್ದದ್ದು 100 ಆದ್ರ ಗಾಳಿ ತಡೆ ಒಂದೂವರಿ ಪಟ್ಟು. ಓವರ್‌ಟೇಕ್‌ಗೆ ಇಕೋ ತೆಗೀರಿ, 80–90ರಾಗ ಹೋಗ್ರಿ, ಡಿಸ್‌ಪ್ಲೇ ನಂಬದ ಟ್ಯಾಂಕ್ ಫುಲ್‌ನಿಂದ ಫುಲ್‌ಗೆ ಲೆಕ್ಕ ಹಾಕ್ರಿ.

ರಾಯಚೂರು_ರೈಡರ್: ಗೇಜ್ ತಗೊಂಡ್ರೇನು?

ಬಳ್ಳಾರಿ_ಡೀಸೆಲ್: ನಂದು ಡೀಸೆಲ್‌ಗೆ ಹೊಸಾ 17 ಇಂಚಿನ ಅಲಾಯ್ ಹಾಕ್ಸಿದೀನಿ, ರೋಡ್ ಹಿಡಿಯೋದು ನೋಡ್ಬೇಕು ನೀವು, ಫೋಟೋ ಹಾಕ್ತೀನಿ ತಡೀರಿ.

ರಾಯಚೂರು_ರೈಡರ್: ಹಾಕ್ರಿ ಹಾಕ್ರಿ, ಎಷ್ಟು ಬಿತ್ತು ಅಣ್ಣ?