ಅಮ್ಮನ ಟಿ ಕೋಶದಲ್ಲಿ ಮ್ಯುಟೇಶನ್ ಇದ್ದರೆ ಅದು ನನಗೂ ಬರುತ್ತಾ?

ತಿಪಟೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 54 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಕಳೆದ ದೀಪಾವಳಿ ಹೊತ್ತಿಗೆ ಬೆಳಗ್ಗೆ ಎದ್ದರೆ ಬೆರಳು ಮಡಚೋಕೆ ಆಗುತ್ತಿರಲಿಲ್ಲ. ಕತ್ತರಿ ಹಿಡಿಯಬೇಕಾದರೆ ಹತ್ತು ಗಂಟೆ ಆಗಬೇಕಿತ್ತು. ಹಾಲಿನ ಪ್ಯಾಕೆಟ್ ಕತ್ತರಿಸೋಕೂ ಅಪ್ಪನನ್ನು ಕರೆಯುತ್ತಿದ್ದರು. ವರ್ಷಗಟ್ಟಲೆ ಹೊಲಿದು ಹೀಗಾಗಿದೆ ಅಂತ ಎಣ್ಣೆ ತಿಕ್ಕಿಕೊಂಡೇ ನಾಲ್ಕು ತಿಂಗಳು ಕಳೆದರು. ಕೊನೆಗೆ ರಕ್ತ ಪರೀಕ್ಷೆಯಲ್ಲಿ ಆಂಟಿ-ಸಿಸಿಪಿ (ಈ ಕೀಲಿನ ಕಾಯಿಲೆ ಪತ್ತೆಗೆ ನೋಡುವ ಪ್ರತಿಕಾಯ) ಪಾಸಿಟಿವ್ ಬಂತು. ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ) ಅಂದರು. ಈಗ ಮೆಥೋಟ್ರೆಕ್ಸೇಟ್ ಮಾತ್ರೆ ನಡೆಯುತ್ತಿದೆ, ಗೆಣ್ಣುಗಳ ಊತ ಇಳಿದಿದೆ.

ನನ್ನ ತಲೆಬಿಸಿ ಬೇರೆ. ಈ ಕಾಯಿಲೆ ಇರುವವರ ಟಿ ಕೋಶ ಅನ್ನೋ ರೋಗನಿರೋಧಕ ಕೋಶಗಳಲ್ಲಿ ಜೀನ್ ಮ್ಯುಟೇಶನ್ (ಡಿಎನ್ಎಯಲ್ಲಿ ಬದಲಾವಣೆ) ಸಿಕ್ಕಿದೆ ಅಂತ ಓದಿದೆ, ಫಿನ್ಲೆಂಡಿನ ಸಂಶೋಧನೆಯಂತೆ. ನಾನೀಗ ಐದು ತಿಂಗಳ ಬಸುರಿ. ಜೀನ್ ಅಂದಮೇಲೆ ಅಮ್ಮನಿಂದ ನನಗೆ, ನನ್ನಿಂದ ಮಗುವಿಗೆ ಅಂತ ಹೋಗುತ್ತಲ್ವಾ? ನಮ್ಮತ್ತೆ ಆಗಲೇ "ನಿಮ್ಮ ಕಡೆ ವಂಶದ ಕಾಯಿಲೆ" ಅಂತ ಒಂದು ಮಾತು ಎಸೆದಾಗಿದೆ. ಅಮ್ಮನ ಕಿವಿಗೂ ಅದು ಬಿತ್ತು. ಅವತ್ತಿನಿಂದ ಫೋನ್ ಮಾಡಿದಾಗಲೆಲ್ಲ "ನಿನ್ನ ಬೆರಳು ಸರಿಯಿದೆಯಾ" ಅಂತ ಕೇಳುತ್ತಾರೆ. ಅಮ್ಮನ ಆ ಕೋಶಗಳನ್ನು ಟೆಸ್ಟ್ ಮಾಡಿಸಬೇಕಾ? ತಿಳಿದವರು ಹೇಳಿ.

ಹಿತ್ತಲ ಗಿಡ:

ಮ್ಯುಟೇಶನ್ ಅಂದರೆ ಮುಂದೆ ಕ್ಯಾನ್ಸರ್ ಅಂತಲೇ ಅರ್ಥ. ಆ ಇಂಗ್ಲಿಷ್ ಮಾತ್ರೆ ನಿಲ್ಲಿಸಿ. ಅಮೃತಬಳ್ಳಿ ಕಷಾಯ ದಿನಾ ಕೊಡಿ, ಇಮ್ಯುನಿಟಿ ಜಾಸ್ತಿ ಆಗುತ್ತೆ.

ಕೋಶ ಎಣಿಸುವವನು:

ಮೊದಲು ಮೇಲಿನವರಿಗೆ. ಸ್ವಾಮಿ, ಆರ್‌ಎ ಇರುವವರ ತೊಂದರೆಯೇ ಇಮ್ಯುನಿಟಿ ದಾರಿ ತಪ್ಪಿ ಸ್ವಂತ ಕೀಲಿನ ಮೇಲೆ ಬೀಳೋದು. ಅದನ್ನು ಇನ್ನೂ ಜಾಸ್ತಿ ಮಾಡಿ ಏನು ಮಾಡ್ತೀರಿ? ಅಮೃತಬಳ್ಳಿ ತಿಂದು ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ. ಮೆಥೋಟ್ರೆಕ್ಸೇಟ್ ತಗೊಳ್ಳುವವರಂತೂ ಮೊದಲೇ ಲಿವರ್ ಮೇಲೆ ಕಣ್ಣಿಟ್ಟಿರಬೇಕು.

ಈಗ ನಿಮ್ಮ ಪ್ರಶ್ನೆ. ನಾನು ಡಾಕ್ಟರ್ ಅಲ್ಲ. ಫ್ಲೋ ಸೈಟೋಮೀಟರ್ ಅನ್ನೋ ಯಂತ್ರದ ಮುಂದೆ ಕೂತು ಟಿ ಕೋಶ ಎಣಿಸೋದು ನನ್ನ ಹೊಟ್ಟೆಪಾಡು. ನೀವು ಓದಿದ್ದು ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಾತು ಮುಸ್ತಿಯೋಕಿ ಅವರ ತಂಡದ ಕೆಲಸ ಇರಬೇಕು, 2017ರದ್ದು. ಹೊಸದಾಗಿ ಆರ್‌ಎ ಪತ್ತೆಯಾದ 25 ಜನರ ಟಿ ಕೋಶಗಳ ಡಿಎನ್ಎ ಓದಿದರು. 5 ಜನರಲ್ಲಿ ಮ್ಯುಟೇಶನ್ ಸಿಕ್ಕವು. ಅದೂ ಎಲ್ಲ ಕೋಶಗಳಲ್ಲಿ ಅಲ್ಲ. ಸಿಡಿ8 ಅನ್ನೋ ಜಾತಿಯಲ್ಲಿ, ಅದರಲ್ಲೂ ಒಂದೇ ತಾಯಿ ಕೋಶದಿಂದ ಹುಟ್ಟಿ ಗುಂಪುಗುಂಪಾಗಿ ಬೆಳೆದಿದ್ದವುಗಳಲ್ಲಿ ಮಾತ್ರ.

ಇದನ್ನು ನಿಮ್ಮಮ್ಮನ ಕೆಲಸದಲ್ಲೇ ಹೇಳ್ತೀನಿ. ನೀವು ಹುಟ್ಟುವಾಗ ಬಂದ ಡಿಎನ್ಎ ಅಳತೆ ಬ್ಲೌಸ್ ಇದ್ದ ಹಾಗೆ. ಅದರಲ್ಲೇ ತೋಳು ಅರ್ಧ ಇಂಚು ಗಿಡ್ಡ ಇದ್ದರೆ ಅದನ್ನು ನೋಡಿ ಕತ್ತರಿಸಿದ ಎಲ್ಲವೂ ಗಿಡ್ಡ. ವಂಶದಲ್ಲಿ ಬರೋ ಮ್ಯುಟೇಶನ್ ಹಾಗೆ. ಹೆಲ್ಸಿಂಕಿಯವರಿಗೆ ಸಿಕ್ಕಿದ್ದು ಬೇರೆ. ಅಳತೆ ಬ್ಲೌಸ್ ಸರಿಯಾಗೇ ಇದೆ. ಅಂಗಡಿಯಲ್ಲಿ ಯಾವುದೋ ಒಂದು ಬ್ಲೌಸಿನ ತೋಳು ತಪ್ಪಿತು. ಯಾರೋ ಅದನ್ನೇ ಅಳತೆಗೆ ಇಟ್ಟುಕೊಂಡು ನೂರು ಕತ್ತರಿಸಿದರು. ಆ ನೂರರಲ್ಲೂ ಅದೇ ತಪ್ಪು, ಪಕ್ಕದ ಕಟ್ಟಿನಲ್ಲಿ ಇಲ್ಲ. ಟಿ ಕೋಶ ಹೀಗೇ ಸೀಳಿ ಸೀಳಿ ಸಾವಿರಾರಾಗುತ್ತೆ. ಪ್ರತಿ ಸಲ ಡಿಎನ್ಎ ನಕಲಾಗುವಾಗಲೂ ಕೈತಪ್ಪುವ ಸಾಧ್ಯತೆ ಇದೆ.

ಮಕ್ಕಳಿಗೆ ಹೋಗೋದು ಅಂಡಾಣುವಿನ ಡಿಎನ್ಎ, ರಕ್ತದ ಟಿ ಕೋಶದ್ದಲ್ಲ. ಆದ್ದರಿಂದ ಅಮ್ಮನಲ್ಲಿ ಇಂಥ ಮ್ಯುಟೇಶನ್ ಇದ್ದರೂ ಅದು ನಿಮಗೆ ಬಂದಿಲ್ಲ, ಮಗುವಿಗೂ ಹೋಗಲ್ಲ.

ನಿಮ್ಮತ್ತೆ ಹೇಳಿದ್ದು ಪೂರ್ತಿ ಸುಳ್ಳು ಅಂತಲೂ ಅಲ್ಲ. ಹುಟ್ಟಿನಿಂದ ಬರುವ ಜೀನ್‌ಗಳ ಪಾಲು ಇದೆ, ಎಚ್ಎಲ್ಎ-ಡಿಆರ್‌ಬಿ1 ಅನ್ನೋ ಜೀನಿನ ಪಾಲು ಅದರಲ್ಲಿ ದೊಡ್ಡದು. ಮಗಳಾಗಿ ನಿಮಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಸಾಧ್ಯತೆ ಇದೆ. ಆದರೆ ಜೀನ್ ಎಲ್ಲ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಆರ್‌ಎ ಇದ್ದರೆ ಇನ್ನೊಬ್ಬರಿಗೆ ಬರೋದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ. ಅತ್ತೆಯವರಿಗೆ ಈ ಲೆಕ್ಕ ಹೇಳಿ. (ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಅದನ್ನೂ ಹೇಳಿ. ಹೊಗೆ ಈ ಕಾಯಿಲೆಯ ಅಪಾಯ ಹೆಚ್ಚಿಸುತ್ತೆ.)

ಕ್ಯಾನ್ಸರ್ ಮಾತು ಎಲ್ಲಿಂದ ಬಂತು ಅಂದರೆ, ಇದೇ ತಂಡ 2012ರಲ್ಲಿ ಎಲ್‌ಜಿಎಲ್ ಲ್ಯುಕೇಮಿಯಾ ಅನ್ನೋ ಅಪರೂಪದ ರಕ್ತ ಕ್ಯಾನ್ಸರ್ ನೋಡಿತ್ತು. 77 ರೋಗಿಗಳಲ್ಲಿ 31 ಜನರ ಟಿ ಕೋಶಗಳಲ್ಲಿ ಸ್ಟ್ಯಾಟ್3 ಜೀನ್ ಕೆಟ್ಟಿತ್ತು. ಆ ಕ್ಯಾನ್ಸರ್ ಇರುವವರಲ್ಲಿ ಆರ್‌ಎ ಕೂಡ ಕಾಣಿಸಿಕೊಳ್ಳೋದುಂಟು. ಹಾಗಾದರೆ ಬರೀ ಆರ್‌ಎ ಇರುವವರಲ್ಲಿ ಏನಿದೆ ನೋಡೋಣ ಅಂತ 2017ರ ಕೆಲಸಕ್ಕೆ ಹೊರಟದ್ದು. ಸಿಕ್ಕ ಮ್ಯುಟೇಶನ್‌ಗಳು ಕ್ಯಾನ್ಸರ್ ಅಲ್ಲ. ಅವುಗಳಿಂದಲೇ ಆರ್‌ಎ ಬಂತು ಅಂತಲೂ ಆ ಲೇಖನ ಸಾಬೀತು ಮಾಡಿಲ್ಲ. ಉರಿಯೂತದಲ್ಲಿ ಕೋಶ ಜಾಸ್ತಿ ಸೀಳಿ ತಪ್ಪು ಸೇರಿಕೊಂಡಿರಬಹುದು, ಇಲ್ಲಾ ತಪ್ಪು ಸೇರಿ ಉರಿಯೂತ ಹೆಚ್ಚಿರಬಹುದು. ನನಗಂತೂ ಮೊದಲನೆಯದೇ ಇರಬೇಕು ಅನ್ನಿಸುತ್ತೆ. 25ರಲ್ಲಿ 20 ಜನರಿಗೆ ಈ ಮ್ಯುಟೇಶನ್ ಸಿಗದೆಯೂ ಆರ್‌ಎ ಇತ್ತಲ್ಲ!

ಟೆಸ್ಟ್ ಬೇಡ. ಮಾಡಿಸಿದರೂ ಅಮ್ಮನ ಮಾತ್ರೆ ಬದಲಾಗಲ್ಲ. ಸುಮ್ನೆ ದುಡ್ಡು ದಂಡ.

ಹನ್ನೆರಡು ವರ್ಷದ ಗೆಣ್ಣುನೋವು:

ನಾ ಧಾರವಾಡದಾಕಿ, ಇದೇ ಕಾಯಿಲೆಯವಳು. ವಿಜ್ಞಾನ ಅವರು ಹೇಳಿದರು, ನಾನು ಮಾತ್ರೆ ಬಗ್ಗೆ ಎರಡು ಮಾತು ಹೇಳ್ತೀನಿರೀ.

ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ. ಮೊದಲ ಸಲ ನನಗೆ ಔಷಧಿ ಅಂಗಡಿಯವರು ಕವರಿನ ಮೇಲೆ "ದಿನಾ 1" ಅಂತ ಬರೆದುಕೊಟ್ಟಿದ್ದರು. ನಾನೂ ಚೀಟಿ ನೋಡದೆ ಐದು ದಿನ ನುಂಗಿದೆ. ಬಾಯೆಲ್ಲ ಹುಣ್ಣು, ನೀರು ಕುಡಿದರೂ ಉರಿ. ರಕ್ತ ನೋಡಿದರೆ ಬಿಳಿ ಕಣ ಇಳಿದಿತ್ತು. ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದ್ದೆ. ಈಗ ಕ್ಯಾಲೆಂಡರಿನಲ್ಲಿ ಪ್ರತಿ ರವಿವಾರಕ್ಕೆ ಕೆಂಪು ಸುತ್ತು ಹಾಕಿ ಇಟ್ಟೀನಿ. ಅದರ ಜೊತೆಗೆ ಕೊಡೋ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಮಾತ್ರೆ ಬೇರೆ ದಿನ.

ಇನ್ನೊಂದು, ತಂಗಿ. ನೀನು ಬಸುರಿ. ಅಮ್ಮನ ಕೈ ಆಗಲ್ಲ ಅಂತ ಆ ಮಾತ್ರೆ ನೀನು ಮುರಿದು, ಪುಡಿ ಮಾಡಿ ಕೊಡಬೇಡ. ಹೊಟ್ಟೆಯೊಳಗಿನ ಕೂಸಿಗೆ ಅದು ಆಗಿಬರಲ್ಲ. ಅಪ್ಪಾರಿಗೆ ಹೇಳು.

ತಿಪಟೂರಿನ ಮಗಳು:

ಅಕ್ಕಾ, ಹೋದ ತಿಂಗಳು ಊರಿಗೆ ಹೋದಾಗ ಮಾತ್ರೆ ಸ್ಟ್ರಿಪ್‌ನಿಂದ ಬಿಡಿಸಿ ಕೊಟ್ಟಿದ್ದು ನಾನೇ! ಮುರಿದಿರಲಿಲ್ಲ, ಇಡಿಯಾಗಿ ಕೊಟ್ಟಿದ್ದೆ. ಆದರೂ ಇವತ್ತೇ ನನ್ನ ಡಾಕ್ಟರಿಗೆ ಹೇಳ್ತೀನಿ. ಇನ್ನು ಮುಂದೆ ಅದು ಅಪ್ಪನ ಕೆಲಸ.

ಅಳತೆ ಬ್ಲೌಸಿನ ಕಥೆ ಅಮ್ಮನಿಗೆ ಹಾಗೇ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಸರಿ, ತೋಳು ತಪ್ಪಿದರೆ ನಾನು ಬಿಚ್ಚಿ ಮತ್ತೆ ಹೊಲೀತೀನಿ. ಆ ನೂರು ಮಾತ್ರ ಆರಿಸಿ ತೆಗೆಯೋಕಾಗುತ್ತಾ ಕೇಳು ಅವರನ್ನ" ಅಂದರು.

ಕೋಶ ಎಣಿಸುವವನು:

ನಿಮ್ಮಮ್ಮ ನಮ್ಮ ಲ್ಯಾಬಿಗೆ ಬರಬೇಕಿತ್ತು. ತಪ್ಪಿದ ಗುಂಪನ್ನಷ್ಟೇ ಆರಿಸಿ ತೆಗೆಯುವ ಔಷಧ ಆರ್‌ಎಗೆ ಇನ್ನೂ ಬಂದಿಲ್ಲ. ಬಿ ಕೋಶ ಅನ್ನೋ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳನ್ನು ಸಾರಾಸಗಟಾಗಿ ತೆಗೆಯುವ ರಿಟುಕ್ಸಿಮ್ಯಾಬ್ ಅನ್ನೋ ಔಷಧ ಇದೆ. ಆದರೆ ಅದು ಒಳ್ಳೆಯದು ಕೆಟ್ಟದ್ದು ನೋಡದೆ ಇಡೀ ಕಟ್ಟನ್ನೇ ಎಸೆದ ಹಾಗೆ. ಸದ್ಯಕ್ಕೆ ಮೆಥೋಟ್ರೆಕ್ಸೇಟ್‌ನಿಂದ ಊತ ಇಳಿದಿದೆಯಲ್ಲ, ಅದನ್ನೇ ಬಿಡದೆ ಮುಂದುವರಿಸಲಿ. ಅಂದ ಹಾಗೆ, ಈಗ ಕತ್ತರಿ ಎಷ್ಟು ಗಂಟೆಗೆ ಹಿಡಿಯುತ್ತಾರೆ?

ತಿಪಟೂರಿನ ಮಗಳು:

ಏಳೂವರೆಗೆ.